ಆಲ್ಪ್ಸ್‌ಗೆ ಈಚೆಯೋ ಆಚೆಯೋ? ‘ಸಿಸಾಲ್ಪೈನ್’ ಪದ ಬಿಡಿಸುವ ಬಗೆ

ಮಂಗಳೂರಿನವರು ‘ಘಟ್ಟದಾಚೆ’ ಎಂದರೆ ಹಾಸನದ ಕಡೆ. ಹಾಸನದವರು ಅದೇ ಮಾತು ಹೇಳಿದರೆ ಮಂಗಳೂರಿನ ಕಡೆ. ಘಟ್ಟ ಇದ್ದಲ್ಲೇ ಇದೆ, ಮಾತಾಡುವವರು ಬೇರೆ ಅಷ್ಟೆ. ಇಂಗ್ಲಿಷ್‌ನ ‘ಸಿಸಾಲ್ಪೈನ್’ ಎಂಬ ವಿಶೇಷಣವೂ ಇಂಥದ್ದೇ. ಯುರೋಪಿನ ಚರಿತ್ರೆ ಓದುವಾಗ ಎದುರಾದರೆ ಹೀಗೆ ಬಿಡಿಸಿಕೊಳ್ಳಿ.

ಮೊದಲು ಪದವನ್ನು ಒಡೆಯಿರಿ. ಲ್ಯಾಟಿನ್‌ನಲ್ಲಿ ‘ಸಿಸ್’ ಎಂದರೆ ಈಚೆ, ‘ಟ್ರಾನ್ಸ್’ ಎಂದರೆ ಆಚೆ. ‘ಆಲ್ಪೈನ್’ ಗೊತ್ತೇ ಇದೆ, ಆಲ್ಪ್ಸ್ ಪರ್ವತದ್ದು. ಕೂಡಿಸಿದರೆ ‘ಆಲ್ಪ್ಸ್‌ಗೆ ಈಚೆಯ’.

ಆಮೇಲೆ ಕೇಳಿಕೊಳ್ಳಿ: ಯಾರಿಗೆ ಈಚೆ? ಇದು ರೋಮ್‌ನವರ ಲೆಕ್ಕ. ಅಲ್ಲಿ ನಿಂತರೆ ಆಲ್ಪ್ಸ್ ಉತ್ತರಕ್ಕೆ ಸಿಗುತ್ತದೆ. ಹಾಗಾಗಿ ಈಚೆ ಎಂದರೆ ದಕ್ಷಿಣ. ಉತ್ತರ ಇಟಲಿಯ ಪೋ ನದಿಯ ಬಯಲು, ಮಿಲಾನ್, ಟ್ಯೂರಿನ್ ಎಲ್ಲ ಸಿಸಾಲ್ಪೈನ್. ಫ್ರಾನ್ಸ್ ಕಡೆಯದು ಟ್ರಾನ್ಸಾಲ್ಪೈನ್. ಕ್ರಿ.ಪೂ. 49ರಲ್ಲಿ ಜೂಲಿಯಸ್ ಸೀಸರ್ ರೂಬಿಕಾನ್ ಹೊಳೆ ದಾಟಿದನಲ್ಲ, ಅದು ಸಿಸಾಲ್ಪೈನ್ ಗಾಲ್ ಪ್ರಾಂತ್ಯದ ಗಡಿ. 1797ರಲ್ಲಿ ನೆಪೋಲಿಯನ್ ಮಿಲಾನನ್ನು ರಾಜಧಾನಿ ಮಾಡಿ ಕಟ್ಟಿದ್ದು ಸಿಸಾಲ್ಪೈನ್ ಗಣರಾಜ್ಯ. ಅವನು ಬಂದದ್ದು ಫ್ರಾನ್ಸ್‌ನಿಂದ, ಅಲ್ಲಿಂದ ನೋಡಿದರೆ ಮಿಲಾನ್ ಆಚೆ. ಆದರೂ ಹೆಸರು ರೋಮ್‌ನ ಲೆಕ್ಕದಲ್ಲೇ ಉಳಿಯಿತು.

ಇಲ್ಲೊಂದು ತಿರುವಿದೆ, ಸ್ವಲ್ಪ ನಿಧಾನಿಸಿ. 1792ರಲ್ಲಿ ಇಂಗ್ಲೆಂಡ್‌ನ ಕೆಲವು ಕ್ಯಾಥೊಲಿಕರು ‘ಸಿಸಾಲ್ಪೈನ್ ಕ್ಲಬ್’ ಕಟ್ಟಿಕೊಂಡರು. ಪೋಪ್‌ನ ಅಧಿಕಾರಕ್ಕೊಂದು ಮಿತಿ ಇರಬೇಕು, ಅದು ದೇಶದ ಆಡಳಿತದೊಳಗೆ ಕೈಹಾಕಬಾರದು ಎಂಬುದು ಅವರ ವಾದ. ಇವರು ನಿಂತದ್ದು ಇಂಗ್ಲೆಂಡ್‌ನಲ್ಲಿ, ಪೋಪ್ ಇದ್ದದ್ದು ರೋಮ್‌ನಲ್ಲಿ. ಹಾಗಾಗಿ ಇವರಿಗೆ ಈಚೆ ಎಂದರೆ ಉತ್ತರ! ಪೋಪ್ ಪರ ನಿಂತವರಿಗೆ ‘ಅಲ್ಟ್ರಾಮಾಂಟೇನ್’ ಎಂಬ ಹೆಸರು, ಅಂದರೆ ಬೆಟ್ಟದಾಚೆಯವರು. ಮಿಲಾನ್‌ನ ಗಣರಾಜ್ಯಕ್ಕೂ ಈ ಕ್ಲಬ್ಬಿಗೂ ಐದೇ ವರ್ಷದ ಅಂತರ, ದಿಕ್ಕು ಮಾತ್ರ ತಿರುಗುಮುರುಗು. ಹಾಗಾಗಿ ಊರು, ನದಿ, ಪ್ರಾಂತ್ಯದ ಮಾತಿದ್ದರೆ ಆಲ್ಪ್ಸ್‌ನ ದಕ್ಷಿಣ ಎಂದು ಓದಿ. ಚರ್ಚಿನ ಜಗಳದ ಮಾತಿದ್ದರೆ ಉತ್ತರ ಎಂದು.

ವಾಕ್ಯದಲ್ಲಿ ಇದನ್ನು ನಾಮಪದದ ಮುಂದೆ ಇಡಿ: ‘ಸಿಸಾಲ್ಪೈನ್ ಟೌನ್ಸ್’. ‘ಮೈ ಹೌಸ್ ಈಸ್ ಸಿಸಾಲ್ಪೈನ್’ ಎಂದರೆ ಕೇಳಿದವರು ನಕ್ಕಾರು. ಪ್ರಾಂತ್ಯ, ಗಣರಾಜ್ಯದ ಹೆಸರಾಗಿದ್ದರೆ ಮೊದಲ ಅಕ್ಷರ ದೊಡ್ಡದು. ದಿನನಿತ್ಯದ ಇಮೇಲ್‌ಗೆ ಇದು ಜಾಸ್ತಿಯಾಯಿತು. ಅಲ್ಲಿ ಸುಮ್ನೆ ‘ಸೌತ್ ಆಫ್ ದಿ ಆಲ್ಪ್ಸ್’ ಸಾಕು.

ಅರ್ಥವಾಯಿತೋ ಇಲ್ಲವೋ ನೋಡಬೇಕೆ? ನಮ್ಮ ದೇಶದ್ದೇ ಒಂದು ಪದ ತೆಗೆದುಕೊಳ್ಳಿ. 1809ರ ಅಮೃತಸರ ಒಪ್ಪಂದದ ಕಾಲದ ಪಟಿಯಾಲ, ನಾಭಾ, ಜೀಂದ್‌ಗಳನ್ನು ಚರಿತ್ರೆಯಲ್ಲಿ ‘ಸಿಸ್-ಸಟ್ಲೆಜ್’ ಸಂಸ್ಥಾನಗಳು ಎನ್ನುತ್ತಾರೆ. ಸಟ್ಲೆಜ್‌ಗೆ ಈಚೆಯವು. ಹಾಗಾದರೆ ಹೆಸರಿಟ್ಟವರು ಯಾವ ದಡದಲ್ಲಿದ್ದರು? ದಕ್ಷಿಣದಲ್ಲಿ, ಬ್ರಿಟಿಷರು. ಲಾಹೋರ್‌ನಲ್ಲಿದ್ದ ರಣಜಿತ್ ಸಿಂಗ್‌ಗಾದರೆ ಪಟಿಯಾಲ ಹೊಳೆಯಾಚೆಯ ಊರು.