ಕಾಫಿ ಕಣದಿಂದ ಕಡಲತೀರಕ್ಕೆ ನಮ್ಮ ಟೆಂಟು

ಮಡಿಕೇರಿಯಿಂದ ಮಂಗಳೂರಿಗೆ ಹೆಚ್ಚುಕಮ್ಮಿ 140 ಕಿಲೋಮೀಟರ್. ಆದರೂ ನಮ್ಮ ಮನೆಯಲ್ಲಿ ಕಡಲು ಅಂದರೆ ಯಾರನ್ನಾದರೂ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಸಂಜೆ ಅರ್ಧ ಗಂಟೆ ನೋಡಿ ಬರುವಂಥದ್ದು. ಅಲ್ಲೇ ಎರಡು ರಾತ್ರಿ ಟೆಂಟ್ ಹಾಕಿ ಮಲಗೋಣ ಅಂತ ಏಳನೇ ಕ್ಲಾಸಿನ ಮಗಳು ಹಟ ಹಿಡಿದಳು. ನನ್ನ ಹೆಂಡತಿ ನಕ್ಕಳು. "ಟೆಂಟಲ್ಲಿ ಮಲಗಲಿಕ್ಕೆ ಊರಿನವರೆಲ್ಲ ದುಡ್ಡು ಕೊಟ್ಟು ಕೊಡಗಿಗೆ ಬರ್ತಾರೆ. ನಾವು ದುಡ್ಡು ಕೊಟ್ಟು ಇಲ್ಲಿಂದ ಹೋಗಬೇಕಾ?"

ಹೋದೆವು. ಐದು ಜನ. ನಾನು, ಹೆಂಡತಿ, ಮಗಳು, ಎರಡನೇ ಕ್ಲಾಸಿನ ಮಗ, ಎಪ್ಪತ್ತೆರಡು ವರ್ಷದ ಅಮ್ಮ.

ಮೊದಲು ದಿನ ಹುಡುಕುವುದೇ ಕಷ್ಟವಾಯಿತು. ನನ್ನದು ಪಂಪ್‌ಸೆಟ್ ರಿಪೇರಿ ಅಂಗಡಿ. ಫೆಬ್ರವರಿ ಬಂತೆಂದರೆ ರೋಬಸ್ಟಾ ಕಾಫಿ ತೋಟಗಳಲ್ಲಿ ಹೂವಿಗೆ ನೀರು ಹೊಡೆಯುವ ಗಡಿಬಿಡಿ, ಮಾರ್ಚ್ ಮುಗಿಯುವವರೆಗೆ ನನಗೆ ಊಟಕ್ಕೂ ಪುರುಸೊತ್ತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ ಇದೆ, ಆದರೆ ಕರಾವಳಿಯ ಸೆಕೆಯಲ್ಲಿ ಟೆಂಟಿನೊಳಗೆ ಮಲಗುವುದು ಕಡುಬಿನ ಪಾತ್ರೆಯಲ್ಲಿ ಮಲಗಿದ ಹಾಗೆ. ಜೂನ್ ಮೇಲೆ ಕಡಲಿನ ಮಾತೇ ಇಲ್ಲ. ಡಿಸೆಂಬರ್ ಕೊನೆಯಲ್ಲಿ ನಮ್ಮೂರ ರಸ್ತೆಯಲ್ಲೇ ಟೂರಿಸ್ಟ್ ಗಾಡಿಗಳ ನಡುವೆ ಸಿಕ್ಕಿಹಾಕಿಕೊಳ್ಳಬೇಕು. ಉಳಿದದ್ದು ಜನವರಿ. ಸಂಕ್ರಾಂತಿ ರಜೆ ವಾರದ ಕೊನೆಗೆ ಬಂದಿತ್ತು, ಅದನ್ನೇ ಹಿಡಿದೆ. ತೋಟ ಇರುವ ಭಾವನ ಮನೆಯವರನ್ನೂ ಕರೆದೆ. "ಹಣ್ಣು ಕೊಯ್ಯುವ ಹೊತ್ತಲ್ಲಿ ಎಲ್ಲಿಗೆ ಬರೋದು ಮಾರಾಯ?" ಅಂದರು. ಸರಿಯೇ.

ಜಾಗ ಹುಡುಕುವಾಗ ಒಮ್ಮೆ ಮೋಸ ಹೋಗುವುದರಲ್ಲಿದ್ದೆ. ಮೂಲ್ಕಿ ಕಡೆಯ ಒಂದು ಜಾಗದವರು ಫೋಟೋ ಕಳಿಸಿದರು. ತೆಂಗಿನ ಮರ, ಮರಳು, ಹಿಂದೆ ನೀರು. "ಬೀಚ್ ಪಕ್ಕದಲ್ಲೇ ಸರ್" ಅಂದರು. ಅಡ್ವಾನ್ಸ್ ಕಳಿಸುವ ಮೊದಲು ಮಗಳು ಮೊಬೈಲಿನಲ್ಲಿ ಉಪಗ್ರಹದ ನಕ್ಷೆ ತೆಗೆದು ನೋಡಿದಳು. ಫೋಟೋದಲ್ಲಿ ಇದ್ದದ್ದು ಹೊಳೆ! ಆ ಕಡೆ ಶಾಂಭವಿ, ನಂದಿನಿ ಹೊಳೆಗಳು ಕಡಲು ಹತ್ತಿರ ಬಂದಮೇಲೂ ನೇರ ಹೋಗಿ ಸೇರುವುದಿಲ್ಲ. ಮರಳಿನ ಪಟ್ಟಿಯ ಹಿಂದೆ ಬಳಸಿಕೊಂಡು ಹೋಗಿ ಸಸಿಹಿತ್ಲು ಹತ್ತಿರ ಒಟ್ಟಾಗಿ ಕಡಲು ಸೇರುತ್ತವೆ. ಹಾಗಾಗಿ ನಕ್ಷೆಯಲ್ಲಿ ಕಡಲು ಇಲ್ಲೇ ಇದೆ ಅನಿಸಿದರೂ ನಡುವೆ ಹೊಳೆ ಇದ್ದರೆ ಸೇತುವೆ ಸುತ್ತಿ ಹೋಗಬೇಕು. ಅವರು ಸುಳ್ಳು ಹೇಳಿದರು ಅನ್ನಲಾರೆ, ನಾನು ಸರಿಯಾಗಿ ಕೇಳಿರಲಿಲ್ಲ.

ಆಮೇಲೆ ಸಿಕ್ಕಿದ್ದು ಇನ್ನೂ ಸ್ವಲ್ಪ ಉತ್ತರಕ್ಕೆ, ಬೇಲಿ ಹಾಕಿದ ಒಂದು ಗಾಳಿಮರದ ತೋಪು. ನಮ್ಮ ಕಡೆ ಸರ್ವೆ ಮರ ಅನ್ನುತ್ತೇವಲ್ಲ, ಅದೇ. ಟೆಂಟ್ ಹಾಕಲು ಜಾಗ, ನಲ್ಲಿ, ಶೌಚಾಲಯ, ರಾತ್ರಿ ಒಬ್ಬ ಕಾವಲುಗಾರ. ತೋಪು ದಾಟಿ ಮರಳಿನ ದಿಬ್ಬ ಇಳಿದರೆ ಕಡಲು. ಫೋನಿನಲ್ಲಿ ಏನು ಕೇಳಬೇಕು ಅಂತ ಹೇಳಿಕೊಟ್ಟದ್ದು ಅಮ್ಮ. ಟೆಂಟಿನಿಂದ ಶೌಚಾಲಯಕ್ಕೆ ಎಷ್ಟು ಹೆಜ್ಜೆ, ದಾರಿಯಲ್ಲಿ ರಾತ್ರಿ ಲೈಟು ಇದೆಯಾ, ಕೂರುವ ಕಮೋಡ್ ಇದೆಯಾ, ನಲ್ಲಿಯ ನೀರು ಉಪ್ಪಾ ಸಿಹಿಯಾ. ನಾನು ಕೇಳಬೇಕು ಅಂದುಕೊಂಡಿದ್ದು ಕಡಲು ಕಾಣುತ್ತದಾ ಅಂತ. ರಾತ್ರಿ ಎರಡು ಸಲ ಏಳುವವರು ಮನೆಯಲ್ಲಿದ್ದರೆ ಜಾಗವನ್ನು ಅವರ ಲೆಕ್ಕದಲ್ಲೇ ಆರಿಸಬೇಕು. ಮಿಕ್ಕವರಿಗೆ ಎಲ್ಲಾದರೂ ನಡೆಯುತ್ತದೆ.

ಟೆಂಟ್ ಬಗ್ಗೆ ಒಂದು ಮಾತು. ನಾಲ್ಕು ಜನರ ಟೆಂಟು ಅಂತ ಮಾರುವುದು ನಾಲ್ಕು ಜನ ಉಸಿರು ಬಿಗಿಹಿಡಿದು ಮಲಗುವ ಟೆಂಟು. ನಾನು ಅಂಥದ್ದು ಒಂದು ಕೊಂಡೆ, ಬೆಂಗಳೂರಲ್ಲಿರುವ ಅಕ್ಕನ ಮಗನಿಂದ ಇನ್ನೊಂದು ತರಿಸಿದೆ. ಹೊರಡುವ ಎರಡು ವಾರ ಮೊದಲು ಮನೆ ಮುಂದೆ ಕಾಫಿ ಒಣಗಿಸುವ ಕಣದಲ್ಲಿ ಎರಡನ್ನೂ ಕಟ್ಟಿ ಮಕ್ಕಳ ಜೊತೆ ಒಂದು ರಾತ್ರಿ ಮಲಗಿದೆ. ಸಿಮೆಂಟ್ ಕಣಕ್ಕೆ ಗೂಟ ಹೊಡೆಯುವಂತಿಲ್ಲ, ನಾಲ್ಕು ಮೂಲೆಗೂ ಕಲ್ಲಿಟ್ಟೆ. ಚಳಿ ಅಂತ ಕಿಟಕಿ ಎಲ್ಲ ಮುಚ್ಚಿದೆವು. ಬೆಳಿಗ್ಗೆ ಎದ್ದರೆ ರಗ್ಗು ಒದ್ದೆ, ಮಗನ ಕೂದಲು ಒದ್ದೆ. ಟೆಂಟ್ ಸೋರುತ್ತಿದೆ, ಅಂಗಡಿಯವನಿಗೆ ವಾಪಸ್ ಕೊಡುತ್ತೇನೆ ಅಂತ ಹೊರಟೆ. ಸೋರಿದ್ದಲ್ಲ. ನಮ್ಮ ಉಸಿರಿನ ಹಬೆಯೇ ಬಟ್ಟೆಗೆ ತಾಗಿ ನೀರಾಗಿ ಇಳಿದಿತ್ತು. ಎದುರುಬದುರು ಎರಡು ಕಿಟಕಿ ತೆರೆದಿಟ್ಟು ಮರುದಿನ ಮಲಗಿದಾಗ ಏನೂ ಆಗಲಿಲ್ಲ.

ಗೂಟದ ಪ್ರಶ್ನೆ ಹಾಗೇ ಉಳಿದಿತ್ತು. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದಾರೆ, ಅಲ್ಲಿ ಮರಳಿನ ರಾಶಿ ಇತ್ತು. ಟೆಂಟಿನ ಜೊತೆ ಬಂದ ಕಬ್ಬಿಣದ ಗೂಟವನ್ನು ಅದಕ್ಕೆ ಪೂರ್ತಿ ಚುಚ್ಚಿ ಎಳೆದೆ. ಎರಡು ಬೆರಳಿಗೆ ಬಂತು. ನಮ್ಮ ಕೆಂಪು ಮಣ್ಣಿನಲ್ಲಾದರೆ ಅದನ್ನು ಕೀಳಲು ಸುತ್ತಿಗೆ ಬೇಕು. ಆಗ ಹೊಳೆದದ್ದು ಚೀಲದ ಉಪಾಯ. ಐದು ಕೆಜಿ ಅಕ್ಕಿ ಬರುವ ಖಾಲಿ ಚೀಲ ಎಂಟು ತೆಗೆದುಕೊಂಡೆ. ಚೀಲಕ್ಕೆ ಮರಳು ತುಂಬಿ, ಬಾಯಿಗೆ ಹಗ್ಗ ಬಿಗಿದು, ಒಂದು ಮೊಳ ಆಳಕ್ಕೆ ಹೂತು ಮೇಲೆ ಮರಳು ತುಳಿದು ಕೂರಿಸಬೇಕು. ಹಗ್ಗದ ತುದಿಯನ್ನು ಟೆಂಟಿಗೆ ಕಟ್ಟಬೇಕು. ಪಕ್ಕದ ಮನೆ ರಾಶಿಯಲ್ಲೇ ಹೂತು ಎಳೆದು ನೋಡಿದೆ, ಅಲ್ಲಾಡಲಿಲ್ಲ. ಹೋಗುವಾಗ ಚೀಲ ಖಾಲಿ, ಅಂಗೈಯಲ್ಲಿ ಹಿಡಿಯುವಷ್ಟು. ಕಡಲಲ್ಲಿ ಮಧ್ಯಾಹ್ನದ ಗಾಳಿ ಎದ್ದಾಗ ಅಕ್ಕಪಕ್ಕದವರ ಟೆಂಟ್ ಪಟಪಟ ಹೊಡೆದುಕೊಂಡು ಒಂದು ಮಗುಚಿಯೇ ಬಿತ್ತು. ನಮ್ಮದು ಕೂತಲ್ಲೇ ಕೂತಿತ್ತು. ಈ ಒಂದು ವಿಷಯಕ್ಕೆ ನನಗೆ ಜಂಬ ಇದೆ, ಇರಲಿ ಬಿಡಿ.

ಸಾಮಾನು ಕಟ್ಟುವಾಗ ಮಾತ್ರ ಕೊಡಗಿನ ಬುದ್ಧಿ ಕೈಕೊಟ್ಟಿತು. ನಮ್ಮಲ್ಲಿ ಜನವರಿ ಅಂದರೆ ಸ್ವೆಟರ್, ಕಾಲುಚೀಲ, ದಪ್ಪ ರಗ್ಗು. ಎಲ್ಲ ತುಂಬಿಕೊಂಡೆವು. ಮಂಗಳೂರು ಕಡೆ ಆ ತಿಂಗಳು ರಾತ್ರಿ 21 ಡಿಗ್ರಿ ಆಸುಪಾಸು ಇರುತ್ತದೆ, ಹಗಲು 32, 33. ಐದು ರಗ್ಗೂ ಕಾರಿನಿಂದ ಇಳಿಯಲೇ ಇಲ್ಲ. ಬೇಕಾಗಿದ್ದದ್ದು ಹತ್ತಿಯ ಬೆಡ್‌ಶೀಟು, ಟೋಪಿ, ಇನ್ನೂ ಒಂದು ಕ್ಯಾನ್ ನೀರು. ಮನೆಯಲ್ಲಿ ಜನವರಿಯಲ್ಲಿ ಯಾರೂ ಅಷ್ಟು ನೀರು ಕುಡಿಯುವುದಿಲ್ಲ, ಅದೇ ಲೆಕ್ಕ ಹಾಕಿ ಇಪ್ಪತ್ತು ಲೀಟರಿನ ಎರಡು ಕ್ಯಾನ್ ಸಾಕು ಅಂದುಕೊಂಡಿದ್ದೆ. ಕುಡಿಯಲು, ಅಡುಗೆಗೆ, ಮಕ್ಕಳ ಕೈಕಾಲು ತೊಳೆಯಲು ಎಲ್ಲ ಸೇರಿ ಎರಡನೇ ದಿನ ಬೆಳಿಗ್ಗೆಯೇ ಮುಗಿಯಿತು. ಅಲ್ಲಿನ ನಲ್ಲಿ ನೀರು ಸ್ನಾನಕ್ಕೆ ಅಡ್ಡಿಯಿಲ್ಲ, ಬಾಯಿಗೆ ಹಾಕಿದರೆ ಸ್ವಲ್ಪ ಉಪ್ಪುಪ್ಪು.

ಚೆನ್ನಾಗಿ ನಡೆದದ್ದು ಕಾಫಿ ಒಣಗಿಸುವ ಟಾರ್ಪಾಲು. ಒಂದನ್ನು ಟೆಂಟ್ ಕೆಳಗೆ ಹಾಸಿದೆವು. ಅದರ ಅಂಚು ಟೆಂಟಿನಿಂದ ಹೊರಗೆ ಚಾಚಿರಬಾರದು, ರಾತ್ರಿ ಇಬ್ಬನಿ ಅದರ ಮೇಲೆ ಬಿದ್ದು ಒಳಗೆ ಹರಿಯುತ್ತದೆ. ಇನ್ನೊಂದನ್ನು ಗಾಳಿಮರಗಳ ನಡುವೆ ನೆರಳಿಗೆ ಕಟ್ಟಿದೆವು.

ಸಂಪಾಜೆ ಘಾಟಿ ಇಳಿಯುವಾಗ ಮಗ ವಾಂತಿ ಮಾಡಿದ. ಅದು ಪ್ರತಿ ಸಲ ಇದ್ದದ್ದೇ. ಆದರೆ ಈ ಸಲ ಅವನಿಗೆ ಒಂದು ಆಟ ಕೊಟ್ಟಿದ್ದೆ. ಮಡಿಕೇರಿಯಲ್ಲಿ ಖಾಲಿ ನೀರಿನ ಬಾಟಲಿಗೆ ಗಟ್ಟಿಯಾಗಿ ಮುಚ್ಚಳ ಹಾಕಿ ಕೈಗೆ ಕೊಟ್ಟು, ಇದು ಯಾವ ಊರಲ್ಲಿ ಚಪ್ಪಟೆ ಆಗುತ್ತದೆ ಹೇಳು ಅಂದಿದ್ದೆ. ಸುಮಾರು 1,150 ಮೀಟರ್ ಎತ್ತರದ ತೆಳು ಗಾಳಿ ಒಳಗೆ, ಕೆಳಗಿನ ಭಾರದ ಗಾಳಿ ಹೊರಗೆ. ಸುಳ್ಯಕ್ಕೆ ಬರುವಾಗ ಬಾಟಲಿಯ ಹೊಟ್ಟೆ ಒಳಗೆ ಹೋಗಿತ್ತು. ಪುತ್ತೂರು ದಾಟುವವರೆಗೆ ಅದನ್ನೇ ನೋಡುತ್ತಾ ಕೂತ. ಮಾಣಿ, ಬಿ.ಸಿ. ರೋಡ್, ಮಂಗಳೂರು, ಆಮೇಲೆ ಉಡುಪಿ ಕಡೆಯ ಹೆದ್ದಾರಿ. ನಿಲ್ಲಿಸಿ ನಿಲ್ಲಿಸಿ ಐದೂವರೆ ಗಂಟೆ ಆಯಿತು. ಬೆಳಕಿರುವಾಗಲೇ ತಲುಪಬೇಕು ಅಂತ ಬೆಳಿಗ್ಗೆ ಏಳಕ್ಕೇ ಬಿಟ್ಟಿದ್ದು ಒಳ್ಳೆಯದಾಯಿತು.

ಅಡುಗೆಗೆ ಐದು ಕೆಜಿಯ ಚಿಕ್ಕ ಸಿಲಿಂಡರ್ ತೆಗೆದುಕೊಂಡಿದ್ದೆವು. ತೋಪಿನಲ್ಲಿ ಬೆಂಕಿ ಹಾಕಬಾರದು ಅಂತ ಕಾವಲುಗಾರ ಮೊದಲೇ ಹೇಳಿದ. ಯಾಕೆ ಅಂತ ಕೆಳಗೆ ನೋಡಿದರೆ ಗೊತ್ತಾಗುತ್ತದೆ, ಗಾಳಿಮರದ ಒಣ ಎಲೆ ಗೇಣುದ್ದ ಹಾಸಿಕೊಂಡಿರುತ್ತದೆ, ಒಂದು ಕಿಡಿ ಸಾಕು. ಮೊದಲ ದಿನಕ್ಕೆ ಅಕ್ಕಿರೊಟ್ಟಿ ಮತ್ತು ಪಂದಿ ಕರಿ, ಅಂದರೆ ನಮ್ಮ ಹಂದಿ ಮಾಂಸದ ಅಡುಗೆ, ಮನೆಯಿಂದಲೇ. ಕಾಚಂಪುಳಿ ಅನ್ನುವ ಕೊಡಗಿನ ಕಪ್ಪು ಹುಳಿರಸ ಬಿದ್ದ ಒಣ ಪಂದಿ ಕರಿ ದಾರಿಯಲ್ಲಿ ಕೆಡುವುದಿಲ್ಲ. ಅಕ್ಕಿರೊಟ್ಟಿ ಮಾತ್ರ ನಮಗೆ ದಕ್ಕಲಿಲ್ಲ. ಚೀಲವನ್ನು ಟೆಂಟಿನ ಹೊರಗಿಟ್ಟು ಮಕ್ಕಳ ಹಿಂದೆ ನೀರಿಗೆ ಓಡಿದೆವು, ಬರುವಷ್ಟರಲ್ಲಿ ಎರಡು ನಾಯಿ ಅದನ್ನು ದಿಬ್ಬದ ಮೇಲೆ ಎಳೆದುಕೊಂಡು ಹೋಗಿ ಹಂಚಿಕೊಳ್ಳುತ್ತಿದ್ದವು. ಊಟದ ಸಾಮಾನು ಕಾರಿನೊಳಗೇ ಇರಬೇಕು.

ಎರಡನೇ ದಿನ ಬೆಳಿಗ್ಗೆ ದೋಣಿಯವರಿಂದ ಮತ್ತಿ ಮೀನು ಕೊಂಡೆವು. ಅಲ್ಲಿ ಮತ್ತಿ ಅಂದರೆ ಮುಖ ನೋಡುತ್ತಾರೆ, ಬೂತಾಯಿ ಅನ್ನಬೇಕು. ನಮ್ಮ ಬಳ್ಳಿಯದೇ ಕರಿಮೆಣಸು, ಉಪ್ಪು, ಒಂದು ಚಮಚ ಕಾಚಂಪುಳಿ ಸವರಿ ಕಾವಲಿಯಲ್ಲಿ ಹುರಿದೆವು. ಕಾವಲುಗಾರನಿಗೂ ಕೊಟ್ಟೆವು. ಈ ಕಪ್ಪು ಹುಳಿ ಎಂತದ್ದು ಅಂತ ಬಾಟಲಿ ತಿರುಗಿಸಿ ತಿರುಗಿಸಿ ನೋಡಿದ.

ಈಗ ಕುರ್ಚಿಯ ವಿಷಯ. ಮೊದಲ ದಿನ ಸಂಜೆ ಅಮ್ಮನಿಗೆ ಅಂತ ತಂದಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ದಿಬ್ಬದ ಕೆಳಗೆ, ನೀರಿನಿಂದ ಹತ್ತು ಹದಿನೈದು ಹೆಜ್ಜೆ ಮೇಲೆ ಹಾಕಿದೆ. ಬಲೆ ಸರಿಮಾಡುತ್ತಿದ್ದ ಒಬ್ಬರು ಹಿರಿಯರು ನೋಡಿ, "ಕುರ್ಚಿ ಅಲ್ಲಿ ಬಿಡ್ಬೇಡಿ ಮಾರಾಯ್ರೆ, ಇವತ್ತು ಹುಣ್ಣಿಮೆ" ಅಂದರು. ನಮಗೆ ಹುಣ್ಣಿಮೆ ಅಂದರೆ ಬೆಳದಿಂಗಳು ಅಷ್ಟೆ. ಅವರಿಗೆ ಭರತ. ಹುಣ್ಣಿಮೆ, ಅಮಾವಾಸ್ಯೆಗೆ ನೀರು ಜಾಸ್ತಿ ಮೇಲೆ ಬರುತ್ತದೆ, ಅಷ್ಟಮಿ ಆಸುಪಾಸು ಅಷ್ಟು ಏರುವುದಿಲ್ಲ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ, ಮರುದಿನ ಅದೇ ಭರತ ಮುಕ್ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ತಡ. ಮರಳಿನ ಮೇಲೆ ಒಣ ಕಸ, ಚಿಪ್ಪು, ಕಡ್ಡಿ ಸೇರಿದ ಗೆರೆ ಇರುತ್ತದಲ್ಲ, ನೀರು ಬಂದು ಹೋದ ಗುರುತು ಅದು. ನಾವು ಕುರ್ಚಿ ಹಾಕಿದ್ದು ಆ ಗೆರೆಗಿಂತ ಕೆಳಗೆ. ಹೂಂ ಅಂದೆ, ಊಟದ ಗಡಿಬಿಡಿಯಲ್ಲಿ ಮರೆತೆ. ರಾತ್ರಿ ಹನ್ನೊಂದು ದಾಟಿದ ಮೇಲೆ ಏಡಿ ನೋಡಬೇಕು ಅಂತ ಮಕ್ಕಳು ಟಾರ್ಚ್ ಹಿಡಿದು ಎಳೆದುಕೊಂಡು ಹೋದರು. ಏಡಿ ಇದ್ದವು, ಕುರ್ಚಿ ಇರಲಿಲ್ಲ. ಅಮ್ಮ ಒಂದು ಮಾತೂ ಆಡಲಿಲ್ಲ, ಮರುದಿನ ಪೂರ್ತಿ ನೀರಿನ ಕ್ಯಾನಿನ ಮೇಲೆ ಕೂತರು.

ಟಾರ್ಚಿಗೆ ಮಗಳು ಕೆಂಪು ಪ್ಲಾಸ್ಟಿಕ್ ಹಾಳೆ ಕಟ್ಟಿದ್ದಳು. ಆ ತಿಂಗಳುಗಳಲ್ಲಿ ಮಂಗಳೂರು ಕಡೆಯ ತೀರಕ್ಕೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುತ್ತವೆ, ಬಿಳಿ ಬೆಳಕಿಗೆ ಗಾಬರಿಯಾಗಿ ತಿರುಗಿ ಹೋಗುತ್ತವೆ ಅಂತ ಶಾಲೆಯಲ್ಲಿ ಹೇಳಿದ್ದರಂತೆ. ಆಮೆ ನಮಗೆ ಸಿಗಲಿಲ್ಲ.

ನೀರಿಗೆ ಇಳಿಯುವ ವಿಷಯದಲ್ಲಿ ನಾನು ಸ್ವಲ್ಪ ಕಠಿಣ. ಹೊಳೆಯಲ್ಲಿ ಈಜಲು ಬರುತ್ತದೆ ಅಂತ ಕಡಲಿಗೆ ಇಳಿಯಬಾರದು. ಅಕ್ಕಪಕ್ಕ ಅಲೆ ಒಡೆಯುತ್ತಿದ್ದು ನಡುವೆ ಒಂದು ಕಡೆ ಮಾತ್ರ ನೀರು ಸುಮ್ನೆ ಇದ್ದಂತೆ ಕಂಡರೆ, ದಡಕ್ಕೆ ಬಂದ ನೀರು ವಾಪಸ್ ಹೋಗುವ ಜಾಗ ಅದೇ ಆಗಿರಬಹುದು. ಅದರಲ್ಲಿ ಸಿಕ್ಕಿದರೆ ನೇರ ದಡಕ್ಕೆ ಈಜಿ ಸುಸ್ತಾಗಬಾರದು, ದಡದ ಉದ್ದಕ್ಕೇ ಪಕ್ಕಕ್ಕೆ ಈಜಿ ಅದರಿಂದ ಹೊರಗೆ ಬರಬೇಕು. ಗೊತ್ತಿದ್ದರೂ ನನಗೆ ಧೈರ್ಯವಿಲ್ಲ. ನಮ್ಮ ತೋಪಿನ ಮುಂದೆ ಮಕ್ಕಳಿಗೆ ಮೊಣಕಾಲಿನವರೆಗೆ ಮಾತ್ರ. ಸರಿಯಾಗಿ ಆಡಿಸಲು ಎರಡನೇ ದಿನ ಪಡುಬಿದ್ರಿಗೆ ಕರೆದುಕೊಂಡು ಹೋದೆ. 2020ರಲ್ಲಿ ಹೊನ್ನಾವರ ಹತ್ತಿರದ ಕಾಸರಕೋಡಿನ ಜೊತೆ ಬ್ಲೂ ಫ್ಲ್ಯಾಗ್, ಅಂದರೆ ಶುಚಿಯಾದ, ಸುರಕ್ಷಿತ ತೀರಕ್ಕೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ, ಸಿಕ್ಕಿದ ತೀರ ಅದು. ಈಜುವ ಜಾಗಕ್ಕೆ ಗುರುತು ಹಾಕಿರುತ್ತಾರೆ, ಜೀವರಕ್ಷಕರು ಇರುತ್ತಾರೆ. ಅಂಥ ತೀರದಲ್ಲಿ ಕಂಡಕಂಡಲ್ಲಿ ಟೆಂಟ್ ಹಾಕುವಂತಿಲ್ಲ, ಹಾಗಾಗಿ ಮಲಗಲು ಒಂದು ಕಡೆ, ಆಡಲು ಒಂದು ಕಡೆ ಅಂತ ಮೊದಲೇ ಲೆಕ್ಕ ಹಾಕಿಕೊಂಡಿದ್ದೆ. ವಾಪಸ್ ಬರುವಾಗ ಕಾಪುವಿನ ದೀಪಸ್ತಂಭ ನೋಡಬೇಕು ಅಂತ ಮಗಳ ಆಸೆ, 1901ರದ್ದು. ಅದು ಇನ್ನೂ ಉತ್ತರಕ್ಕೆ, ಹೊತ್ತಾಗಿತ್ತು, ಬಿಟ್ಟೆವು.

ರಾತ್ರಿಯ ಗಾಳಿ ನಾನು ಎಣಿಸಿದ್ದಕ್ಕೆ ಉಲ್ಟಾ. ಹಗಲು ಕಡಲಿನಿಂದ ಬೀಸುತ್ತದೆ ಅಂತ ಟೆಂಟಿನ ಬಾಗಿಲು ಪಡುವಣಕ್ಕೆ ಇಟ್ಟಿದ್ದೆ. ರಾತ್ರಿ ಅದು ನಿಂತು, ಬೆಳಗಿನ ಜಾವಕ್ಕೆ ನೆಲದ ಕಡೆಯಿಂದ ಮೆಲ್ಲಗೆ ಬರುತ್ತದೆ. ಕಣದಲ್ಲಿ ಕಲಿತಂತೆ ಎರಡೂ ಕಡೆ ತೆರೆದಿಟ್ಟಿದ್ದಕ್ಕೆ ಬಚಾವ್.

ಮನೆಗೆ ಬಂದ ಮರುದಿನವೇ ಟೆಂಟ್ ತೊಳೆಯಬೇಕು ಅಂತ ಗೊತ್ತಿತ್ತು. ಆದರೆ ಅಂಗಡಿಗೆ ಮೂರು ಮೋಟರ್ ಬಂದು ಕೂತಿದ್ದವು, ಒಂದು ವಾರ ಚೀಲದಲ್ಲೇ ಉಳಿಯಿತು. ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತಲೇ ಇರುತ್ತದೆ. ತೆಗೆದಾಗ ಟೆಂಟ್ ಜಿಗುಟು ಜಿಗುಟು, ಅಕ್ಕನ ಮಗನ ಟೆಂಟಿನ ಜಿಪ್ಪು ಅರ್ಧಕ್ಕೇ ನಿಂತುಬಿಟ್ಟಿತು. ಬರೀ ಸಿಹಿನೀರಿನಲ್ಲಿ ನೆನೆಸಿ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಮರಳು ತೆಗೆದು, ಮೇಣದ ಬತ್ತಿ ಉಜ್ಜಿದ ಮೇಲೆ ಓಡಿತು. ಅವನಿಗೆ ಇನ್ನೂ ಹೇಳಿಲ್ಲ.

ಭಾವನವರು ಕೊಯ್ಲು ಮುಗಿದ ಮೇಲೆ ಒಟ್ಟಿಗೆ ಹೋಗುವಾ ಅಂದಿದ್ದಾರೆ. ಮೊನ್ನೆ ಅಮ್ಮ ಗೋಡೆಯ ಕ್ಯಾಲೆಂಡರ್ ಇಳಿಸಿ ಅಷ್ಟಮಿ ಹತ್ತಿರದ ಎರಡು ಶನಿವಾರಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿಟ್ಟಿದ್ದಾರೆ. ಪಕ್ಕದಲ್ಲಿ ಸಣ್ಣಕ್ಕೆ ಬರೆದಿದ್ದಾರೆ, ಕುರ್ಚಿ 2.