ಮಳೆಗಾಲದಲ್ಲಿ ಗ್ಲಾಸ್ ಬೀಡ್ ಬ್ಲಾಸ್ಟಿಂಗ್: ನನ್ನ ಅನುಭವ

ಗೋಣಿಕೊಪ್ಪದಲ್ಲಿ ನನ್ನದೊಂದು ಲೇತ್ ವರ್ಕ್‌ಶಾಪ್ ಇದೆ. ಕಾಫಿ ಪಲ್ಪರ್, ಸ್ಪ್ರೇಯರ್, ಪಂಪ್‌ಗಳ ಪಾರ್ಟ್ಸ್ ಮಾಡಿಕೊಡುತ್ತೇನೆ. ಟೂಲ್ ಗೆರೆ ಮುಚ್ಚಿ ಇಡೀ ಪಾರ್ಟಿಗೆ ಒಂದೇ ಥರದ ಮ್ಯಾಟ್ ಫಿನಿಶ್ ಬರಲಿ ಅಂತ ಬ್ಲಾಸ್ಟಿಂಗ್ ಕ್ಯಾಬಿನೆಟ್ ಕೊಂಡೆ. ಕಂಪ್ರೆಸರ್ ಗಾಳಿಯ ಜೋರಿಗೆ ಸಣ್ಣ ಗಾಜಿನ ಮಣಿಗಳನ್ನು ಗನ್‌ನಿಂದ ಪಾರ್ಟ್ ಮೇಲೆ ಹೊಡೆಯುವ ಮುಚ್ಚಿದ ಪೆಟ್ಟಿಗೆ ಇದು. ಬೇಸಿಗೆಯಿಡೀ ಚೆನ್ನಾಗಿತ್ತು. ಜೂನ್ ಮಳೆ ಹಿಡಿಯಿತು ನೋಡಿ, ಗನ್ ಬಿಟ್ಟು ಬಿಟ್ಟು ಉಗುಳತೊಡಗಿತು. ಅಲ್ಯೂಮಿನಿಯಂ ಮೇಲೆಲ್ಲ ಮಚ್ಚೆ.

ನಾಝಲ್ ಸವೆದಿರಬೇಕು ಅಂತ ಹೊಸದು ಹಾಕಿದೆ. ಆಗಲೂ ಹಾಗೇ. ಕೊನೆಗೆ ಮಣಿ ತುಂಬುವ ಹಾಪರ್‌ಗೆ ಕೈ ಹಾಕಿದರೆ ಗಾಜಿನ ಮಣಿ ಒದ್ದೆ ಸಕ್ಕರೆ ಥರ ಹೆಪ್ಪುಗಟ್ಟಿತ್ತು. ಕಂಪ್ರೆಸರ್‌ನಲ್ಲಿ ಗಾಳಿ ಬಿಸಿಯಾಗುತ್ತದೆ, ಮುಂದೆ ಪೈಪಿನಲ್ಲಿ ತಣ್ಣಗಾದಾಗ ಅದರ ತೇವ ನೀರಾಗಿ ಇಳಿಯುತ್ತದೆ. ನಮ್ಮ ಮಳೆಗಾಲದಲ್ಲಿ ತೇವಕ್ಕೇನು ಬರವಿಲ್ಲ, ಅಲ್ವಾ? ನಾನು ವಾಟರ್ ಸಪರೇಟರನ್ನು ಕಂಪ್ರೆಸರ್ ಪಕ್ಕದಲ್ಲೇ ಕೂರಿಸಿದ್ದೆ. ಅಲ್ಲಿ ಗಾಳಿ ಇನ್ನೂ ಬಿಸಿ, ನೀರು ಆವಿಯಾಗಿಯೇ ದಾಟಿ ಹೋಗುತ್ತಿತ್ತು. ಈಗ ಸುಮಾರು 30 ಅಡಿ ಜಿಐ ಪೈಪ್ ಎಳೆದು, ಸ್ವಲ್ಪ ಇಳಿಜಾರು ಕೊಟ್ಟು, ಕ್ಯಾಬಿನೆಟ್ ಹತ್ತಿರ ಸಪರೇಟರ್ ಇಟ್ಟಿದ್ದೇನೆ. ಬೆಳಿಗ್ಗೆ, ಮಧ್ಯಾಹ್ನ ಕಂಪ್ರೆಸರ್ ಟ್ಯಾಂಕಿನಲ್ಲಿ ನಿಂತ ನೀರನ್ನು ಹೊರಗೆ ಬಿಡಲೇಬೇಕು. ರಾತ್ರಿ ಕ್ಯಾಬಿನೆಟ್ ಒಳಗೆ 60 ವ್ಯಾಟಿನ ಹಳೇ ಬಲ್ಬ್ ಉರಿಯುತ್ತದೆ. ಮಣಿ ಉದುರುದುರಾಗಿ ಉಳಿಯುತ್ತದೆ.

ಪ್ರೆಶರ್ ಜಾಸ್ತಿ ಇಟ್ಟರೆ ಕೆಲಸ ಬೇಗ ಅಂತ ಮೊದಲು 80 ಪಿಎಸ್‌ಐ ಇಡುತ್ತಿದ್ದೆ. ಮಣಿ ಒಡೆದು ಸುಮ್ನೆ ಪುಡಿಯಾಗುತ್ತಿತ್ತು. 50ಕ್ಕೆ ಇಳಿಸಿದೆ. ಒಂದು ಗೇಣು ದೂರದಿಂದ, ಸ್ವಲ್ಪ ಓರೆಯಾಗಿ ಹೊಡೆಯುತ್ತೇನೆ. ಬೇರಿಂಗ್ ಕೂರುವ ಜಾಗಕ್ಕೆ ಟೇಪ್, ತೂತಿಗೆ ರಬ್ಬರ್ ಬಿರಡೆ.

ಒಂದು ತಪ್ಪು ಮಾತ್ರ ಇನ್ನೂ ಮನಸ್ಸಿನಲ್ಲಿದೆ. ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ತುಕ್ಕು ಹಿಡಿಯುವ ಸಾದಾ ಉಕ್ಕು) ಪಾರ್ಟಿಗೆ ಹೊಡೆದ ಅದೇ ಮಣಿಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಶಾಫ್ಟ್‌ಗಳಿಗೂ ಹೊಡೆದುಕೊಟ್ಟೆ. ಹತ್ತು ದಿನಕ್ಕೆ ತೋಟದವರು ಅವನ್ನು ವಾಪಸ್ ತಂದರು. ‘ಏನಣ್ಣ, ತುಕ್ಕು ಹಿಡಿಯಲ್ಲ ಅಂದಿದ್ರಿ?’ ಅಂತ ಕೇಳಿದರು. ಮಣಿಯಲ್ಲಿ ಸೇರಿದ್ದ ಕಬ್ಬಿಣದ ಪುಡಿ ಸ್ಟೀಲಿನ ಮೈಗೆ ಅಂಟಿ, ತುಕ್ಕಾಗಿತ್ತು. ತುಕ್ಕು ತೆಗೆಯುವ ಆಸಿಡ್ ಪೇಸ್ಟ್ (ಪಿಕ್ಲಿಂಗ್ ಪೇಸ್ಟ್) ಹಚ್ಚಿ ತೊಳೆದು, ಹೊಸ ಮಣಿಯಲ್ಲಿ ಮತ್ತೆ ಹೊಡೆದೆ. ದುಡ್ಡು ತೆಗೆದುಕೊಳ್ಳಲಿಲ್ಲ. ಈಗ ಸ್ಟೇನ್‌ಲೆಸ್ಸಿಗೆ ಬೇರೆ ಡಬ್ಬಿ, ಬೇರೆ ಗ್ಲೌಸ್. ಮಣಿ ಬದಲಿಸುವ ಮೊದಲು ಕ್ಯಾಬಿನೆಟ್ ಪೂರ್ತಿ ಗುಡಿಸುತ್ತೇನೆ.

ಹೊಳೆ ಮರಳು ಅಗ್ಗ, ಅದನ್ನೇ ಹಾಕಬಾರದಾ ಅಂತ ಕೇಳುವವರಿದ್ದಾರೆ. ದಯವಿಟ್ಟು ಬೇಡ. ಅದರ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತರೆ ವಾಸಿಯಾಗುವುದಿಲ್ಲ.

ಎಂಎಸ್ ಪಾರ್ಟಿಗೆ ಬ್ಲಾಸ್ಟಿಂಗ್ ಆದಮೇಲೆ ಬರಿಗೈ ತಾಗಿಸಬಾರದು. ಜುಲೈಯಲ್ಲಿ ಊಟ ಮಾಡಿ ಬರುವಷ್ಟರಲ್ಲಿ ಕೆಂಪಾಗುತ್ತದೆ. ಹಾಗಾಗಿ ಮೊದಲು ಪ್ರೈಮರ್ ಕಲಸಿ ಪಕ್ಕದಲ್ಲಿಟ್ಟುಕೊಂಡೇ ಗನ್ ಹಿಡಿಯುತ್ತೇನೆ.