ಹಳೇ ಬ್ಯಾಂಡಿನ ಹೊಸ ಆಲ್ಬಮ್: ಕೂಡಿ ಕೇಳುವ ಕ್ರಮ

ಮೂವತ್ತು ವರ್ಷ ಹಾಡಿದ ರಾಕ್ ಬ್ಯಾಂಡೊಂದು ಹೊಸ ಆಲ್ಬಮ್ ತಂದಾಗ ಅಭಿಮಾನಿಗಳಿಂದ ಎರಡು ದೂರು ಹೊರಡುತ್ತವೆ. 'ಮೊದಲಿನಂಗ ಇಲ್ಲ' ಅನ್ನುವುದೊಂದು, 'ಮತ್ತ ಅದನ್ನೇ ಹಾಡ್ಯಾರ' ಅನ್ನುವುದು ಇನ್ನೊಂದು. ಎಷ್ಟೋ ಸಲ ಎರಡೂ ಒಬ್ಬನ ಬಾಯಿಂದಲೇ, ಒಂದೇ ಸಂಜೆ ಬರುತ್ತವೆ. ಆಲ್ಬಮ್ ಕೇಳುವ ಮುಂಚೆಯೇ ಒಂದು ನಿರೀಕ್ಷೆ ಕಟ್ಟಿಕೊಂಡು ಕೂತಿರುತ್ತೇವೆ. ಅದೇನೆಂದು ನಮಗೇ ಸರಿಯಾಗಿ ಗೊತ್ತಿರುವುದಿಲ್ಲ. ಅದನ್ನು ಮೊದಲು ಕಾಗದಕ್ಕೆ ಇಳಿಸಿ, ಆಮೇಲೆ ಕೇಳುವ ಕ್ರಮ ಇಲ್ಲಿದೆ. ಬೇಕಾದದ್ದು ಆರರಿಂದ ಎಂಟು ಮಂದಿ, ಐದು ಆಲ್ಬಮ್, ಆರು ಭಾನುವಾರ. ಕಲಬುರಗಿಯ ಮನೆ, ಇಲ್ಲಿನ ಬಿಸಿಲು, ಇಲ್ಲಿನ ಫರಸಿ ನೆಲ ಲೆಕ್ಕಕ್ಕೆ ಹಿಡಿದು ಬರೆದದ್ದು.

ಮೊದಲು ಚೀಟಿ

ಎ4 ಹಾಳೆಯನ್ನು ನಾಲ್ಕು ತುಂಡು ಮಾಡಿ, ತಲೆಗೊಂದು ಕೊಡಿ. ಮೇಲೆ ತಾರೀಖು. ಅದರ ಕೆಳಗೆ ಈ ಬ್ಯಾಂಡನ್ನು ಮೊದಲು ಕೇಳಿದಾಗ ನಿಮ್ಮ ವಯಸ್ಸು ಎಷ್ಟು, ಆಗ ಕೇಳಿದ್ದು ಯಾವ ಆಲ್ಬಮ್ ಎಂದು ಬರೆಯಿರಿ. ಇವೆರಡು ಮಾತ್ರ ಯಾರೂ ಬಿಡುವಂತಿಲ್ಲ. ನಂತರ ಮೂರು ಸಾಲು: ಹೊಸ ಆಲ್ಬಮ್‌ನಲ್ಲಿ ಏನು ಇರಲೇಬೇಕು, ಏನು ಇರಬಾರದು, ಏನಿದ್ದರೆ ಬೆರಗಾಗುತ್ತೀರಿ.

ಬರೆದದ್ದು ಕಿವಿಗೆ ಕೇಳುವಂಥದ್ದಾಗಿರಬೇಕು. 'ಜೀವ ಇರಬೇಕು', 'ಹಳೇ ಕಸುವು ಇರಬೇಕು' ಎಂದು ಬರೆದರೆ ಚೀಟಿ ವಾಪಸು ಕೊಡಿ. 'ಕನಿಷ್ಠ ಮೂರು ಹಾಡಲ್ಲಿ ಗಿಟಾರ್ ಸೋಲೋ' (ಹಾಡಿನ ನಡುವೆ ಗಿಟಾರ್ ಮುಂದೆ ಬಂದು ಒಂಟಿಯಾಗಿ ನುಡಿಯುವ ಭಾಗ), 'ಡ್ರಮ್ ಮಷೀನ್ ಬೇಡ', 'ಏಳು ನಿಮಿಷ ದಾಟುವ ಒಂದಾದರೂ ಹಾಡು' – ಇಂಥವು ನಡೆಯುತ್ತವೆ. ಅಳೆಯಲು ಬಾರದ ಮಾತು ಬರೆದರೆ, ಕೊನೆಯ ದಿನ ಅದನ್ನು ಯಾರು ಹೇಗೆ ಬೇಕಾದರೂ ತಿರುಗಿಸಬಹುದು. ಕೂಟ ಒಡೆಯುವುದು ಹೆಚ್ಚಾಗಿ ಅಲ್ಲಿಯೇ. ಮಡಚಿ ಲಕೋಟೆಗೆ ಹಾಕಿ ಅಂಟಿಸಿ. ಆರನೆಯ ಭಾನುವಾರದವರೆಗೆ ತೆರೆಯಬೇಡಿ.

ಯಾವ ಐದು

ಒಂದು, ಬ್ಯಾಂಡಿನ ಹೆಸರು ನಿಲ್ಲಿಸಿದ ಆಲ್ಬಮ್. ಎರಡು, ಅತಿ ಹೆಚ್ಚು ಮಂದಿ ಕೇಳಿದ್ದು. ಮೂರು, ಅಭಿಮಾನಿಗಳನ್ನು ಇಬ್ಭಾಗ ಮಾಡಿದ್ದು. ನಾಲ್ಕು, 'ಮರಳಿ ಬಂದರು' ಅನ್ನಿಸಿಕೊಂಡಿದ್ದು. ಐದು, ಈಗಿನದು. ಮೂರನೆಯದನ್ನು ಬಿಡಬೇಕೆಂದು ಯಾರಾದರೂ ಹಟ ಹಿಡಿದೇ ಹಿಡಿಯುತ್ತಾರೆ, ಬಿಡಬೇಡಿ. ಬ್ಯಾಂಡು ಎಲ್ಲಿ ಎಡವಿತು ಎಂದು ತಿಳಿಯದೆ ಅದು ಯಾಕೆ ತಿರುಗಿತು ಎಂದು ತಿಳಿಯುವುದಿಲ್ಲ. 'ಆಯ್ದ ಹಾಡುಗಳ' ಸಂಕಲನ ಈ ಕೆಲಸಕ್ಕೆ ಬರುವುದಿಲ್ಲ: ಸೋತ ಪ್ರಯತ್ನಗಳನ್ನೆಲ್ಲ ತೆಗೆದಿರುತ್ತದೆ, ಹಾಗಾಗಿ ನಡೆದು ಬಂದ ದಾರಿ ಜಿಗಿದು ಬಂದಂತೆ ಕಾಣುತ್ತದೆ.

ಮೊದಲ ಸಲಕ್ಕೆ ಅಮೆರಿಕದ ಹೆವಿ ಮೆಟಲ್ ಬ್ಯಾಂಡು ಮೆಟಾಲಿಕಾ ಒಳ್ಳೆಯ ಆಯ್ಕೆ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರನ್ನು ಕಂಡವರು ನಮ್ಮ ಕಡೆಯೂ ಸಿಗಬಹುದು. ಅದಕ್ಕಿಂತ ಮುಖ್ಯವಾಗಿ, ಅವರ ಬದಲಾವಣೆಗಳೆಲ್ಲ ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟ. 1986ರ 'ಮಾಸ್ಟರ್ ಆಫ್ ಪಪೆಟ್ಸ್'ನಲ್ಲಿ ಎಂಟೇ ರಚನೆ, ಅದರಲ್ಲಿ ಮೂರು ಎಂಟು ನಿಮಿಷ ದಾಟುತ್ತವೆ. 1991ರ ಕಪ್ಪು ಹೊದಿಕೆಯ ಆಲ್ಬಮ್‌ನಲ್ಲಿ ಹನ್ನೆರಡು ಹಾಡು, ಯಾವುದೂ ಏಳು ನಿಮಿಷ ಮುಟ್ಟುವುದಿಲ್ಲ. 2003ರ 'ಸೇಂಟ್ ಆಂಗರ್'ನಲ್ಲಿ ಗಿಟಾರ್ ಸೋಲೋ ಇಲ್ಲವೇ ಇಲ್ಲ. ಸ್ನೇರ್ ಡ್ರಮ್ಮಿನ ತಂತಿ ಸಡಿಲಿಸಿ ಬಾರಿಸಿದ್ದರಿಂದ ತಗಡಿನ ಡಬ್ಬಿಗೆ ಹೊಡೆದಂಥ ನಾದ. 2008ರ 'ಡೆತ್ ಮ್ಯಾಗ್ನೆಟಿಕ್'ನಲ್ಲಿ ಉದ್ದ ಹಾಡು, ಸೋಲೋ ಎರಡೂ ವಾಪಸು. ಐದನೆಯದಾಗಿ 2023ರ '72 ಸೀಸನ್ಸ್'. 1991ರಲ್ಲಿ ಬಾಗಿಲು ತೆರೆದು ಒಳಗೆ ಬಂದವನಿಗೆ ಚಿಕ್ಕ ಹಾಡೇ ಮೆಟಾಲಿಕಾ. 1986ರವನಿಗೆ ಅದೇ ದ್ರೋಹ. ಚೀಟಿಯಲ್ಲಿ 'ಮೊದಲು ಕೇಳಿದ ಆಲ್ಬಮ್' ಬರೆಸುವುದು ಇದಕ್ಕೇ.

ಐರ್ಲೆಂಡಿನ ಬ್ಯಾಂಡು ಯು2 ಹಿಡಿದರೆ 1987ರ 'ದ ಜೋಶುವಾ ಟ್ರೀ', 1991ರ 'ಆಖ್ತುಂಗ್ ಬೇಬಿ', 1997ರ 'ಪಾಪ್', 2000ರ 'ಆಲ್ ದಟ್ ಯೂ ಕಾಂಟ್ ಲೀವ್ ಬಿಹೈಂಡ್', ಆಮೇಲೆ ಇತ್ತೀಚಿನದೊಂದು. ಇಲ್ಲಿ ಒಂದು ವಿಷಯ ನೆನಪಿಡಿ. 'ಪಾಪ್' ಬಿಟ್ಟರೆ ಈ ನಾಲ್ಕರಲ್ಲಿ ಮೂರಕ್ಕೂ ಬ್ರಯಾನ್ ಈನೋ, ಡ್ಯಾನಿಯಲ್ ಲನ್ವಾ ನಿರ್ಮಾಣದಲ್ಲಿದ್ದರು. ಆದರೂ ಮೂರೂ ಬೇರೆ ಬೇರೆ ಲೋಕ. ಆದ್ದರಿಂದ 'ನಿರ್ಮಾಪಕ ಬ್ಯಾಂಡನ್ನು ಕೆಡಿಸಿದ' ಎಂಬ ಮಾತು ಯಾರಾದರೂ ಎತ್ತಿದರೆ ಈ ಮೂರನ್ನು ಮುಂದಿಡಿ. ಇನ್ನು 'ಪಾಪ್' ಮುಗಿಯುವ ಮೊದಲೇ ಪ್ರವಾಸದ ದಿನಾಂಕ ಗೊತ್ತಾಗಿಬಿಟ್ಟಿತ್ತು. ಅವಸರದಲ್ಲಿ ಬಿಟ್ಟ ಕೆಲವು ಹಾಡುಗಳನ್ನು 2002ರ ಸಂಕಲನಕ್ಕೆ ಮತ್ತೆ ತಿದ್ದಿದರು. ಪ್ರಯೋಗ ಸೋತದ್ದು ಬೇರೆ, ಸಮಯ ಸಾಲದ್ದು ಬೇರೆ. ಅಭಿಮಾನಿಗಳು ಎರಡನ್ನೂ ಒಂದೇ ಚೀಲಕ್ಕೆ ಹಾಕುತ್ತಾರೆ.

ನಮ್ಮ ದೇಶದ್ದೇ ಬೇಕೆಂದರೆ 1990ರಿಂದ ನಡೆದು ಬಂದ ದೆಹಲಿಯ ಇಂಡಿಯನ್ ಓಶನ್: 1997ರ 'ಡೆಸರ್ಟ್ ರೇನ್', 2000ರ 'ಕಂದೀಸ', 2010ರ '16/330 ಖಜೂರ್ ರೋಡ್', 2014ರ 'ತಂದಾನು', 2023ರ 'ತೂ ಹೈ'. ತಬಲಾ ನುಡಿಸುತ್ತ ಹಾಡುತ್ತಿದ್ದ ಅಶೀಮ್ ಚಕ್ರವರ್ತಿ 2009ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಗಿಟಾರಿನ ಸುಶ್ಮಿತ್ ಸೇನ್ 2013ರಲ್ಲಿ ಹೊರಬಂದರು. ಒಂದು ಕಂಠ, ಒಂದು ಗಿಟಾರು ಹೋದ ಮೇಲೆ ಬ್ಯಾಂಡಿನದು ಎಂದು ಉಳಿಯುವುದು ಏನು ಎಂಬ ಪ್ರಶ್ನೆ ಇಷ್ಟು ನೇರವಾಗಿ ಬೇರೆಲ್ಲೂ ಎದುರಾಗುವುದು ಕಷ್ಟ.

ಕೋಣೆ

ಇಲ್ಲಿ ಅರ್ಧ ತಪ್ಪು ಆಗುವುದು ನೆಲದಿಂದ. ಶಹಾಬಾದ್ ಫರಸಿ ತಂಪು, ಗಟ್ಟಿ, ನುಣುಪು. ಸಂಗೀತಕ್ಕೆ ಮಾತ್ರ ಕನ್ನಡಿ ಇದ್ದಂತೆ. ಸಿಂಬಲ್ಲಿನ ಸದ್ದು, ಹಾಡುಗಾರನ 'ಸ'ಕಾರ ನೆಲಕ್ಕೆ, ಸಿಮೆಂಟಿನ ಗೋಡೆಗೆ ಬಡಿದು ವಾಪಸು ಬಂದು ಕಿವಿ ಚುಚ್ಚುತ್ತದೆ. ಆಗ 'ಈ ಹೊಸ ಆಲ್ಬಮ್ ಕರ್ಕಶ' ಎಂಬ ತೀರ್ಪು ಬರುತ್ತದೆ. ಕರ್ಕಶವಾದದ್ದು ಕೋಣೆ.

ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಹಿಂದೆಯೇ 'ಟ್ರಿಂಗ್' ಎಂದು ಬಾಲ ಎಳೆದರೆ ಮುಂದಿನ ಕೆಲಸ ಬೇಕು. ಸ್ಪೀಕರಿಗೂ ಕೂತವರಿಗೂ ನಡುವಿನ ನೆಲಕ್ಕೆ ಜಮಖಾನ ಹಾಸಿ, ಅದರ ಮೇಲೆ ಒಂದು ದಪ್ಪ ಕೌದಿ. ಕೂತವರ ಬೆನ್ನ ಹಿಂದಿನ ಗೋಡೆಗೆ ಹಗ್ಗ ಕಟ್ಟಿ ಎರಡು ಕೌದಿ ಇಳಿಬಿಡಿ, ಗೋಡೆಗೆ ಅಂಟದಂತೆ ನಾಲ್ಕು ಬೆರಳು ಜಾಗ ಬಿಟ್ಟು. ಹಳೇ ಸೀರೆಯ ಪದರ ಪದರ ಸೇರಿಸಿ ಹೊಲಿದ ಅಜ್ಜಿಯ ಕೌದಿಯಷ್ಟು ಚಲೋ ಕೆಲಸ ಮಾಡುವ ವಸ್ತು ಮನೆಯಲ್ಲಿ ಇನ್ನೊಂದಿಲ್ಲ. ಮತ್ತೆ ಚಪ್ಪಾಳೆ ತಟ್ಟಿ ನೋಡಿ. ಇದರಿಂದ ಬಾಸ್, ಅಂದರೆ ತಗ್ಗಿನ ದಪ್ಪ ಸದ್ದು, ಕಡಿಮೆಯಾಗದು. ಬಾಸ್ ಗುಡುಗಿದರೆ ಸ್ಪೀಕರನ್ನು ಮೂಲೆಯಿಂದ ಈಚೆ, ಗೋಡೆಯಿಂದ ಒಂದೂವರೆ ಅಡಿ ಮುಂದೆ ತನ್ನಿ.

ಸ್ಪೀಕರ್ ಎರಡು ಬೇಕು, ಆರು ಅಡಿ ಅಂತರದಲ್ಲಿ, ಕಿವಿಯ ಎತ್ತರಕ್ಕೆ. ಕೂರುವವರು ಏಳೆಂಟು ಅಡಿ ದೂರ. ಬ್ಲೂಟೂತ್ ಡಬ್ಬಿಯೊಂದನ್ನೇ ನಡುವೆ ಇಟ್ಟರೆ ಎಡ-ಬಲ ಸೇರಿ ಕಲಸಿಹೋಗುತ್ತದೆ, ಬಾಸ್ ಗಿಟಾರ್ ಅರ್ಧ ಮಾಯ. ಎಂಟು ಮಂದಿಗಿಂತ ಹೆಚ್ಚಾದರೆ ಬದಿಯಲ್ಲಿ ಕೂತವರಿಗೆ ಒಂದೇ ಸ್ಪೀಕರ್ ಕೇಳುತ್ತದೆ, ಅವರ ಅಭಿಪ್ರಾಯವೂ ಅರ್ಧ ಆಲ್ಬಮ್ಮಿನದಾಗುತ್ತದೆ.

ನವೆಂಬರ್‌ನಿಂದ ಫೆಬ್ರವರಿಯೊಳಗೆ ಮುಗಿಸಿಬಿಡಿ. ಏಪ್ರಿಲ್-ಮೇ ತಿಂಗಳಲ್ಲಿ ಕೂಲರ್ ಇಲ್ಲದೆ ಕೂರಲಾಗದು, ಕೂಲರ್ ಹಚ್ಚಿದರೆ ಮೆಲುದನಿಯ ಭಾಗ ಮುಳುಗುತ್ತದೆ, ಅದಕ್ಕೆಂದು ವಾಲ್ಯೂಮ್ ಏರಿಸಿದರೆ ಗಟ್ಟಿ ಭಾಗ ಚೀರುತ್ತದೆ. ಕರೆಂಟ್ ಹೋಗಿ ಅಗ್ಗದ ಇನ್ವರ್ಟರ್ ಮೇಲೆ ಆಂಪ್ಲಿಫೈಯರ್ ಓಡಿದರೆ ಕೆಲವೊಮ್ಮೆ 'ಗುಂಯ್' ಎಂಬ ಸದ್ದು ಸೇರುತ್ತದೆ. ಹಾಗಾದರೆ ನಿಲ್ಲಿಸಿ, ಕರೆಂಟ್ ಬಂದ ಮೇಲೆ ಆ ಹಾಡಿನ ಮೊದಲಿಂದ ಹಚ್ಚಿ. ಬೀದರ್, ಯಾದಗಿರಿಯಿಂದ ಬರುವವರಿದ್ದರೆ ಅವರ ವಾಪಸು ರೈಲಿನ ವೇಳೆ ನೋಡಿ ಆರಂಭದ ಗಂಟೆ ಗೊತ್ತು ಮಾಡಿ. ಗಡಿಯಾರ ನೋಡುತ್ತ ಕೂತವರಿಗೆ ಕೊನೆಯ ಹಾಡು ಯಾವಾಗಲೂ ಉದ್ದವೇ.

ವಾಲ್ಯೂಮ್ ಸಮ ಮಾಡುವುದು

ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ತುಸು ಜೋರಾಗಿ ಕೇಳಿದ್ದು ಕಿವಿಗೆ ಚಲೋ ಅನ್ನಿಸುತ್ತದೆ, ವ್ಯತ್ಯಾಸ ಒಂದೆರಡು ಡೆಸಿಬಲ್ ಇದ್ದರೂ ಸಾಕು. ಎಂಬತ್ತರ ದಶಕದ ಸಿ.ಡಿ. ಮೆತ್ತಗಿರುತ್ತದೆ, ತೊಂಬತ್ತರ ನಡುವಿನಿಂದ ಒಬ್ಬರಿಗಿಂತ ಒಬ್ಬರು ಜೋರಾಗಿ ಮಾಸ್ಟರ್ ಮಾಡುವ (ಬಿಡುಗಡೆಗೆ ಮುಂಚೆ ಸದ್ದಿನ ಮಟ್ಟವನ್ನು ಕೊನೆಯದಾಗಿ ಹದಗೊಳಿಸುವ) ಪೈಪೋಟಿ ನಡೆಯಿತು. 'ಡೆತ್ ಮ್ಯಾಗ್ನೆಟಿಕ್' ಇದಕ್ಕೆ ಕುಖ್ಯಾತ: ಸದ್ದನ್ನು ಎಷ್ಟು ಅದುಮಿದ್ದರೆಂದರೆ ತುದಿಗಳು ಕತ್ತರಿಸಿ ಒಡಕು ಕೇಳುತ್ತದೆ. 'ಗಿಟಾರ್ ಹೀರೋ' ಎಂಬ ವಿಡಿಯೊ ಗೇಮಿಗೆ ಕೊಟ್ಟ ಅವೇ ಹಾಡುಗಳು ಅಷ್ಟು ಅದುಮದೆ ಇದ್ದವು, ಎರಡನ್ನೂ ಹೋಲಿಸಿದ ಅಭಿಮಾನಿಗಳು ತಕರಾರು ಎತ್ತಿದರು. ಆ ತಕರಾರು ನ್ಯಾಯವಾದದ್ದು. ಆದರೆ ಅದು ಮಾಸ್ಟರಿಂಗಿನ ಮೇಲಿನ ತಕರಾರು. ಹಾಡು ಕಟ್ಟಿದ ರೀತಿಯ ಮೇಲೆ ಹೊರಿಸಬಾರದು.

ಮಾಡುವ ವಿಧಾನ: ಆ್ಯಪ್‌ನಲ್ಲಿ ಕೇಳುವುದಾದರೆ ಸೆಟ್ಟಿಂಗ್ಸ್‌ಗೆ ಹೋಗಿ ಎಲ್ಲ ಹಾಡೂ ಒಂದೇ ಮಟ್ಟದಲ್ಲಿ ನುಡಿಯುವ ಆಯ್ಕೆಯನ್ನು ಆನ್ ಮಾಡಿ, ಈಕ್ವಲೈಜರ್ ಪೂರ್ತಿ ಆಫ್ ಮಾಡಿ. ನಂತರ ಫೋನಿನಲ್ಲಿ ಡೆಸಿಬಲ್ ಅಳೆಯುವ ಆ್ಯಪ್ ಹಾಕಿ, ನಡುವಿನ ಆಸನದಲ್ಲಿ ಇಟ್ಟು, ಪ್ರತಿ ಆಲ್ಬಮ್‌ನ ಅತಿ ಗಟ್ಟಿ ಹಾಡಿನ ಒಂದು ನಿಮಿಷ ಹಚ್ಚಿ. ಸರಾಸರಿ 75 ಡೆಸಿಬಲ್ ಸುತ್ತ ನಿಲ್ಲಲಿ. ಫೋನಿನ ಅಳತೆ ನಿಖರವಲ್ಲ. ಆದರೂ ಐದೂ ವಾರ ಅದೇ ಫೋನು, ಅದೇ ಜಾಗವಾದರೆ ಹೋಲಿಕೆಗೆ ಸಾಕು. ಆಂಪ್ಲಿಫೈಯರಿನ ಗುಬುಟಿಗೆ ಸೀಸಕಡ್ಡಿಯಿಂದ ಗುರುತು ಹಾಕಿ. ಹೆಚ್ಚುವರಿ ಹಾಡು ಸೇರಿಸಿದ 'ಡಿಲಕ್ಸ್' ಆವೃತ್ತಿ ಸಿಕ್ಕರೆ ಮೂಲದ ಕೊನೆಯ ಹಾಡಿಗೆ ನಿಲ್ಲಿಸಿ. 'ದ ಜೋಶುವಾ ಟ್ರೀ' ಅಂದರೆ ಹನ್ನೊಂದು ಹಾಡು, ಅಷ್ಟೇ.

ಕೇಳುವ ವಾರಗಳು

ಮೊದಲ ನಾಲ್ಕು ಭಾನುವಾರ ಹಳೆಯ ನಾಲ್ಕು, ಬಿಡುಗಡೆಯಾದ ಕ್ರಮದಲ್ಲೇ. ಫೋನು ಒಂದು ಬುಟ್ಟಿಯಲ್ಲಿ. ಹಾಡು ನಡೆಯುವಾಗ ಮಾತಿಲ್ಲ, ಚುರುಮುರಿ-ಮಿರ್ಚಿ ಮುಗಿದ ಮೇಲೆ. ಪ್ರತಿಯೊಬ್ಬರ ಕೈಯಲ್ಲಿ ನಾಲ್ಕು ಅಂಕಣದ ಹಾಳೆ: ನಾದ, ಹಾಡಿನ ಕಟ್ಟು, ಹಾಡಿನ ಮಾತು, ಕಂಠ. ಏನೇ ಬರೆದರೂ ಪಕ್ಕದಲ್ಲಿ ನಿಮಿಷ-ಸೆಕೆಂಡ್ ಹಾಕಬೇಕು. ಕಂಠದ ಅಂಕಣ ಬೇರೆಯೇ ಇರಲಿ. ಅರವತ್ತು ದಾಟಿದ ಹಾಡುಗಾರನಿಂದ ಇಪ್ಪತ್ತೈದರ ತಾರಸ್ವರ ಕೇಳುವುದು ಅನ್ಯಾಯ. ಇಳಿದ ಸ್ವರಕ್ಕೆ ತಕ್ಕಂತೆ ಹಾಡು ಕಟ್ಟಿದ್ದಾರೋ, ಏರಲಾಗದ್ದನ್ನು ಕಂಪ್ಯೂಟರಿನಲ್ಲಿ ಮುಚ್ಚಿದ್ದಾರೋ ಎಂಬುದನ್ನು ಕೇಳಬೇಕು.

ಎರಡನೆಯ ವಾರದ ಕೊನೆಗೆ ಹತ್ತು ನಿಮಿಷ ಒಂದು ಅಭ್ಯಾಸ ಮಾಡಿ. ಕಡಕೋಳ ಮಡಿವಾಳಪ್ಪನ ಯಾವುದಾದರೂ ಒಂದೇ ತತ್ವಪದವನ್ನು ಎರಡು ಬೇರೆ ಭಜನಾ ಮೇಳ ಹಾಡಿದ್ದು ಹುಡುಕಿ, ಬೆನ್ನು ಬೆನ್ನಿಗೆ ಕೇಳಿಸಿ. ಧಾಟಿ ಬೇರೆ, ವೇಗ ಬೇರೆ, ಒಂದರಲ್ಲಿ ಏಕತಾರಿ, ಇನ್ನೊಂದರಲ್ಲಿ ಹಾರ್ಮೋನಿಯಂ ಇರಬಹುದು. ಅಮಾವಾಸ್ಯೆ ಭಜನೆಯಲ್ಲಿ ಕೂತವರು ಯಾರೂ 'ಮೂಲದಂತೆ ಇಲ್ಲ' ಎಂದು ಎದ್ದು ಹೋಗುವುದಿಲ್ಲ, ಪದ ಉಳಿದರೆ ಅವರಿಗೆ ಸಾಕು. ರಾಕ್ ಅಭಿಮಾನಿಗೆ ಮೂಲವೆಂದರೆ ರೆಕಾರ್ಡು. ಒಂದು ಸ್ಟುಡಿಯೊದಲ್ಲಿ ಒಂದು ವರ್ಷ ಹಿಡಿದಿಟ್ಟ ಸದ್ದೇ ಅವನಿಗೆ ಬ್ಯಾಂಡು. ನಿಮ್ಮ ಬ್ಯಾಂಡಿನಲ್ಲಿ ತತ್ವಪದದ ಮಾತಿನಂತೆ ಅಲುಗದೆ ಉಳಿದಿರುವುದು ಯಾವುದು? ಲಯವೋ, ಎರಡು ಗಿಟಾರಿನ ಹೆಣಿಗೆಯೋ, ಹಾಡುಗಾರ ಉಸಿರು ಹಿಡಿಯುವ ಬಗೆಯೋ? ಮೂರನೆಯ, ನಾಲ್ಕನೆಯ ವಾರ ಈ ಪ್ರಶ್ನೆ ಕೈಯಲ್ಲಿ ಹಿಡಿದು ಕೇಳಿ.

ಯಾರು ಬಿಟ್ಟರು, ಯಾರು ಸೇರಿದರು ಎಂಬ ಪಟ್ಟಿಯನ್ನು ಆಲ್ಬಮ್ ಕೇಳಿದ ಮೇಲಷ್ಟೇ ಓದಿ. ಮೊದಲೇ ಓದಿದರೆ ಕಿವಿ ಅದನ್ನೇ ಹುಡುಕುತ್ತದೆ. 'ಸೇಂಟ್ ಆಂಗರ್'ನಲ್ಲಿ ಬಾಸ್ ನುಡಿಸಿದ್ದು ನಿರ್ಮಾಪಕ ಬಾಬ್ ರಾಕ್. ಬ್ಯಾಂಡಿನ ಬಾಸ್ ವಾದಕ ಜೇಸನ್ ನ್ಯೂಸ್ಟೆಡ್ 2001ರಲ್ಲೇ ಬಿಟ್ಟಿದ್ದ. ಕೇಳಿದ ಮೇಲೆ ತಿಳಿದರೆ ಆ ಆಲ್ಬಮ್ಮಿನ ಬಿರುಕು ಎಲ್ಲಿಂದ ಬಂತೆಂದು ಹೊಳೆಯುತ್ತದೆ.

ಐದನೆಯ ಭಾನುವಾರ ಹೊಸ ಆಲ್ಬಮ್. ಅಂದು ಚರ್ಚೆಯೇ ಇಲ್ಲ, ಕೇಳಿ ಎದ್ದು ಮನೆಗೆ. ಮೊದಲ ಕೇಳುವಿಕೆಯಲ್ಲಿ ತಿಳಿಯುವುದು ಎಷ್ಟು ಬೆಚ್ಚಿಬಿದ್ದೆವು ಎಂಬುದಷ್ಟೇ. 'ಓಕೆ ಕಂಪ್ಯೂಟರ್' ಆದ ಮೂರು ವರ್ಷಕ್ಕೆ, 2000ರಲ್ಲಿ ಇಂಗ್ಲೆಂಡಿನ ಬ್ಯಾಂಡು ರೇಡಿಯೊಹೆಡ್ 'ಕಿಡ್ ಎ' ತಂದಾಗ ಗಿಟಾರ್ ಕಾದಿದ್ದವರಿಗೆ ಸಿಂಥಸೈಜರ್ ಸಿಕ್ಕಿತು. ಅಂದು ಮುಖ ತಿರುಗಿಸಿದ ಅನೇಕರಿಗೆ ಅದೇ ನಂತರ ಪ್ರಿಯವಾಯಿತು. ಆರನೆಯ ಭಾನುವಾರ ಅಂದರೆ ಆರನೆಯ ಕೂಟ, ಅದಕ್ಕೆ ಮುಂಚೆ ಎರಡು ವಾರ ಅಂತರ ಕೊಡಿ. ಈ ನಡುವೆ ಒಬ್ಬೊಬ್ಬರೂ ಒಂದು ಸಲ ಸಾಹಿತ್ಯ ಓದುತ್ತ, ಇನ್ನೊಂದು ಸಲ ಅಡುಗೆಯೋ ಪ್ರಯಾಣವೋ ನಡೆದಿರುವಾಗ ಕೇಳಲಿ. ವಿಮರ್ಶೆ ಓದಬಾರದು.

ಆರನೆಯ ಭಾನುವಾರ ಮತ್ತೆ ಪೂರ್ತಿ ಕೇಳಿ, ಲಕೋಟೆ ಒಡೆಯಿರಿ. ಬ್ಯಾಂಡಿನ ಬಗ್ಗೆ ಎಲ್ಲರಿಗಿಂತ ಹೆಚ್ಚು ತಿಳಿದವರು ಕೊನೆಗೆ ಮಾತಾಡಬೇಕು, ಇಲ್ಲವಾದರೆ ಉಳಿದವರು ತಲೆಯಾಡಿಸಿ ಸುಮ್ಮನಾಗುತ್ತಾರೆ. 'ಹಳೇದೇ ಚಲೋ ಇತ್ತು' ಎನ್ನುವವರು ಹಳೆಯದರ ಯಾವ ನಿಮಿಷ, ಹೊಸದರ ಯಾವ ನಿಮಿಷ ಎಂದು ಹಾಳೆ ನೋಡಿ ಹೇಳಿ, ಎರಡನ್ನೂ ಹಚ್ಚಿ ತೋರಿಸಬೇಕು. 'ಇರಲೇಬೇಕು' ಸಾಲನ್ನು ಅವರವರ 'ಮೊದಲು ಕೇಳಿದ ಆಲ್ಬಮ್' ಪಕ್ಕದಲ್ಲಿಟ್ಟು ಓದಿ. ಎರಡೂ ಒಂದೇ ಆಗಿದ್ದರೆ, ಆ ಬೇಡಿಕೆಗೆ ಬ್ಯಾಂಡು ಉತ್ತರ ಕೊಡಬೇಕಾಗಿಲ್ಲ. ಅದು ಆ ಆಲ್ಬಮ್‌ನಲ್ಲಿ ಈಗಲೂ ಇದೆ, ಮನೆಗೆ ಹೋಗಿ ಕೇಳಬಹುದು. ಎರಡೂ ಬೇರೆಯಾಗಿದ್ದು, ಹೊಸದರಲ್ಲಿ ನಿಜಕ್ಕೂ ಸಿಗದಿದ್ದರೆ ಆ ದೂರನ್ನು ಗಟ್ಟಿಯಾಗಿ ದಾಖಲಿಸಿ. ಅದು ಕೇಳಬೇಕಾದ ದೂರು.

ಕೊನೆಗೆ ಎಲ್ಲರೂ ಬ್ಯಾಂಡಿನ ಮುಂದಿನ ಆಲ್ಬಮ್‌ಗೆಂದು ಹೊಸ ಚೀಟಿ ಬರೆದು, ತಾರೀಖು ಹಾಕಿ, ಅಂಟಿಸಿ ಒಬ್ಬರ ಮನೆಯ ಟ್ರಂಕಿನಲ್ಲಿಡಿ. ಜಾಗ ಒಣಗಿರಲಿ, ಬಾಲ್‌ಪೆನ್ನಿನಲ್ಲೇ ಬರೆಯಿರಿ. ರೋಲಿಂಗ್ ಸ್ಟೋನ್ಸ್ ತಮ್ಮ ಸ್ವಂತ ಹಾಡುಗಳ ಆಲ್ಬಮ್ 2005ರಲ್ಲಿ ತಂದ ಮೇಲೆ ಮುಂದಿನದಕ್ಕೆ 2023ರವರೆಗೆ ಕಾಯಿಸಿದರು.